ನಮ್ಮ ಮೀಟರಿನ ಎಂಟು ಅಂಕೆ

ಜಂಬ ಪಡುವುದಕ್ಕೆ ಮನುಷ್ಯನಿಗೆ ಏನಾದರೊಂದು ಬೇಕೇ ಬೇಕು. ನಮ್ಮ ಏಕಸಂಬಿಯಲ್ಲಿ ಒಬ್ಬರಿಗೆ ಎತ್ತಿನ ಜೋಡಿ, ಇನ್ನೊಬ್ಬರಿಗೆ ಎಕರೆಗೆ ಇಳಿದ ಕಬ್ಬು. ಗಣಿತ ಕಲಿಸಿ ನಿವೃತ್ತನಾದ ನನಗಿದ್ದದ್ದು ಪಡಸಾಲೆಯ ಗೋಡೆಯ ಮೇಲಿನ ಕರೆಂಟ್ ಮೀಟರಿನ ನಂಬರು: 73939133.

ನಗಬೇಡಿ. ಇದು ಅವಿಭಾಜ್ಯ ಸಂಖ್ಯೆ. ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದಕ್ಕೂ ಭಾಗ ಹೋಗುವುದಿಲ್ಲ. ಕೊನೆಯ ಅಂಕೆ ತೆಗೆಯಿರಿ, ಉಳಿದದ್ದೂ ಅವಿಭಾಜ್ಯ. ಇನ್ನೊಂದು ತೆಗೆಯಿರಿ, ಆಗಲೂ ಅವಿಭಾಜ್ಯ. ಕಬ್ಬಿನ ಗಣಿಕೆ ಕತ್ತರಿಸಿದಂತೆ ತುದಿಯಿಂದ ಕತ್ತರಿಸುತ್ತ ಬಂದರೆ ಕಡೆಗೆ ಉಳಿಯುವ ಏಳೂ ಅದೇ ಜಾತಿ. ಈ ಬಗೆಯ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಅಂಥದ್ದು ಜಗತ್ತನ್ನೆಲ್ಲ ಬಿಟ್ಟು ನಮ್ಮ ಮನೆಗೆ ಬಂದಿತ್ತು. ಮನೆಗೆ ಬಂದವರನ್ನೆಲ್ಲ ಅದರ ಕೆಳಗೆ ನಿಲ್ಲಿಸಿ ವಿವರಿಸುತ್ತಿದ್ದೆ. ನಿಪ್ಪಾಣಿಯ ಬೀಗರು ಕತ್ತೆತ್ತಿ ನೋಡಿ, "ಹೋ ಕಾ?" ಎಂದು ಮರಾಠಿಯಲ್ಲಿ ಬೆರಗುಪಟ್ಟು ಚಹಾ ತಣ್ಣಗಾಗಿಸಿಕೊಂಡಿದ್ದರು.

ಕಳೆದ ತಿಂಗಳು ಆ ಮೀಟರು ಸುಟ್ಟುಹೋಯಿತು. ಲೈನ್‌ಮನ್ ಮಹಾದೇವ ಬಂದು, "ಬ್ಯಾರೆ ಹಾಕಬೇಕ್ರಿ ಸರ್" ಎಂದ.

"ನಂಬರ್ ಇದ ಇರೂ ಹಂಗ ಏನರೆ ಮಾಡಾಕ ಬರತೈತೇನಪಾ?"

"ಹೆಂಗ ಬರತೈತ್ರಿ? ಹೊಸಾ ಮೀಟರಿಗೆ ಹೊಸಾ ನಂಬರ."

ಎರಡು ದಿನ ತಡಿ ಎಂದು ಅವನನ್ನು ಕಳಿಸಿದೆ. ಮೂರನೆಯ ದಿನ ಒರಳಿನ ಮುಂದೆ ಕುಳಿತಿದ್ದ ಹೆಂಡತಿ ಸುನಂದಾ, "ಮಿಕ್ಸರ್ ನಿಂತೈತಿ. ಇನ್ನ ಚಟ್ನಿ ನಿಮ್ಮ ನಂಬರಿನಾಗ ರುಬ್ಬಿಕೊಡ್ರಿ" ಎಂದಳು. ಮಹಾದೇವನನ್ನು ಮತ್ತೆ ಕರೆಸಿದೆ.

ಕಳಚಿಡುವ ಮುನ್ನ ನೆನಪಿಗೊಂದು ಫೋಟೋ ಬೇಕೆಂದೆ. ಪಾಪ, ಅವನು ಒದ್ದೆ ಬಟ್ಟೆಯಿಂದ ವರ್ಷಗಳ ಧೂಳು, ಜೇಡನ ಬಲೆ ಎಲ್ಲ ಒರೆಸಿಕೊಟ್ಟ. ಒರೆಸಿ ನಂಬರು ಓದಿದ. ಕಡೆಯ ಅಂಕೆ ಮೂರು ಎಂದು ನಾನು ಅವನನ್ನು ತಿದ್ದಿದೆ.

"ಮೂರಲ್ರಿ ಸರ್, ಎಂಟ ಐತಿ."

ಕನ್ನಡಕ ಒರೆಸಿ ನೋಡಿದೆ. ಎಂಟೇ. ಅರ್ಧಕ್ಕೆ ಧೂಳು ಕುಳಿತು ನನ್ನ ಕಣ್ಣಿಗೆ ಮೂರಾಗಿತ್ತು. ಎಂಟರಲ್ಲಿ ಮುಗಿಯುವ ಸಂಖ್ಯೆಯನ್ನು ಎರಡನೆಯ ಇಯತ್ತೆಯ ಮಕ್ಕಳೂ ಎರಡರಿಂದ ಭಾಗಿಸುತ್ತಾರೆ. ಇಷ್ಟು ವರ್ಷ ಬೀಗರಿಗೆ, ನೆಂಟರಿಗೆ, ಹಳೆಯ ಶಿಷ್ಯರಿಗೆ ಸುಳ್ಳು ಹೇಳಿದ್ದೆ.

ಅಂದು ಊಟಕ್ಕೆ ಕುಳಿತಾಗಲೂ ಆ ಕಡೆಯ ಎಂಟರದ್ದೇ ಗೋಳು ಹೇಳುತ್ತಿದ್ದೆ. ಸುನಂದಾ ತಾಟು ಮುಂದಿಟ್ಟು, "ಕಬ್ಬಿನ ತುದಿ ಯಾವತ್ತೂ ಸಪ್ಪಗ ಇರತೈತಿ. ಅದನ್ನ ಕತ್ತರಿಸಿ ಒಗದ ಅಲ್ಲೇನ್ರಿ ಉಳದದ್ದ ತಿನ್ನೂದು?" ಎಂದಳು.

ಕೈಯ ತುತ್ತು ಕೈಯಲ್ಲೇ ಉಳಿಯಿತು. ಎಂಟನ್ನು ತೆಗೆದರೆ 7393913. ಅಪ್ಪಟ ಅವಿಭಾಜ್ಯ. ಅಲ್ಲಿಂದ ಕೆಳಗೆ ಏಳರವರೆಗೂ ಒಂದೂ ಹುಸಿಯಿಲ್ಲ. ಇಷ್ಟು ವರ್ಷ ಮೀಟರಿನ ಮೇಲೆ ಸುರಿದ ಹೆಮ್ಮೆಯಲ್ಲಿ ಅರ್ಧವನ್ನಾದರೂ ಈಕೆಯ ಮೇಲೆ ಸುರಿಯಬಹುದಿತ್ತು ಅನಿಸಿತು. ಅನಿಸಿದ್ದನ್ನು ಹೇಳಿಯೂ ಬಿಟ್ಟೆ. "ಮದಲ ಉಣ್ರಿ" ಎಂದಳು.

ಈಗ ಬಂದವರಿಗೆ ಮೊಬೈಲಿನಲ್ಲಿ ಫೋಟೋ ತೋರಿಸುತ್ತೇನೆ. ಏಳು ಅಂಕೆಯ ಮಹಿಮೆ ವಿವರಿಸಿ, ಅದನ್ನು ಉಳಿಸಿಕೊಟ್ಟವಳು ನನ್ನ ಹೆಂಡತಿ ಎಂದೂ ಹೇಳುತ್ತೇನೆ. ಆದರೆ ಫೋನನ್ನು ಯಾರ ಕೈಗೂ ಕೊಡುವುದಿಲ್ಲ. ಎಂಟನೆಯ ಅಂಕೆಯ ಮೇಲೆ ನನ್ನ ಹೆಬ್ಬೆರಳು ಇರುತ್ತದೆ.