ಜಯನಗರದ ಕಾಗೆ ಶಿಕಾರಿ

ನಮ್ಮ ಸೋದರಮಾವ ಶಿಕಾರಿ ಮಾಡಿದವರು. ನಗಬೇಡಿ! ಜಯನಗರದಲ್ಲಿ ಪಾರ್ಕಿಂಗ್ ಜಾಗವನ್ನು ಬಿಟ್ಟರೆ ಬೇಟೆಯಾಡುವುದಕ್ಕೆ ಇನ್ನೇನಿದೆ ಎಂದು ನೀವು ಕೇಳಬಹುದು. ಅವರು ಬೇಟೆಯಾಡಲು ಹೊರಟದ್ದು ಕಾಗೆಯನ್ನು. ಇದುವರೆಗೆ ಅವರು ನೆಲಕ್ಕುರುಳಿಸಿದ ಕಾಗೆಗಳು ಎರಡು. ಎರಡೂ ಪ್ಲಾಸ್ಟಿಕ್ಕಿನವು. ಎರಡನ್ನೂ ಅವರೇ ತರಿಸಿದ್ದರು, ಎರಡೂ ಅವರದೇ ಪಾದದಡಿಯಲ್ಲಿ ಪ್ರಾಣ ಬಿಟ್ಟವು.

ಮಾವನನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಯಾವ ವಿದ್ಯೆಯನ್ನೇ ಆಗಲಿ, ಅವರು ಬಟ್ಟೆಯಿಂದ ಶುರು ಮಾಡುತ್ತಾರೆ. ನಿವೃತ್ತರಾದ ಹೊಸತರಲ್ಲಿ ಟೆನಿಸ್ ಕಲಿಯುವ ಆಸೆಯಾಯಿತು. ಬಿಳಿ ಚಡ್ಡಿ ಬಂತು, ಬಿಳಿ ಟೋಪಿ ಬಂತು, ಮಣಿಕಟ್ಟಿಗೆ ಸುತ್ತಿಕೊಳ್ಳುವ ಪಟ್ಟಿಯೂ ಬಂತು. ಬ್ಯಾಟು ಮಾತ್ರ ಇವತ್ತಿನವರೆಗೂ ಬಂದಿಲ್ಲ. ಆ ಚಡ್ಡಿಯಲ್ಲೇ ಅವರು ತರಕಾರಿ ತರುತ್ತಾರೆ.

ಕಾಗೆಯ ವಿಷಯ ಹೀಗಾಯಿತು. ನಮ್ಮತ್ತೆಗೆ ತಾರಸಿಯೆಂದರೆ ತವರುಮನೆ. ದೊಡ್ಡಪತ್ರೆ, ಕರಿಬೇವು, ಗುಲಾಬಿಯ ಕುಂಡಗಳು, ಸಂಡಿಗೆ, ಹಪ್ಪಳ, ಎಲ್ಲವೂ ಅಲ್ಲೇ. ಎದುರುಮನೆ ಮೇಡಂ ಜೊತೆ ರಸ್ತೆಯ ಮೇಲಿಂದ ಹಾಯುವ ಮಾತುಕತೆಯೂ ಅಲ್ಲೇ. ಅವರಿಬ್ಬರ ಗುಟ್ಟುಗಳು ಕೆಳಗೆ ಹೋಗುವ ಆಟೋದವರಿಗೂ ಬಾಯಿಪಾಠ! ಒಂದು ಬೆಳಿಗ್ಗೆ ಅತ್ತೆ ದೊಡ್ಡಪತ್ರೆ ಕೀಳುತ್ತಿರುವಾಗ ಕಾಗೆಯೊಂದು ರಪ್ಪನೆ ಬಂದು ನೆತ್ತಿಗೆ ಬಡಿದು ಹೋಯಿತು. ಮರುದಿನವೂ ಬಡಿಯಿತು. ಕಾಗೆ ತಲೆ ಮುಟ್ಟಿದರೆ ಏನರ್ಥವೆಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರಲ್ಲ, ಅದು ಒಳ್ಳೆಯ ಅರ್ಥವಲ್ಲ. ಅತ್ತೆ ಕೆಳಗಿಳಿದು ಬಂದವರು ಮತ್ತೆ ತಾರಸಿ ಹತ್ತಲಿಲ್ಲ.

ಹತ್ತದಿದ್ದರೆ ಹೋಗಲಿ, ಅವರು ಮಾವನಿಗೆ ಅಡುಗೆ ಕಲಿಸಲು ಶುರು ಮಾಡಿದರು!

"ನೋಡ್ಕೊಳ್ಳಿ, ಇಂಗಿನ ಡಬ್ಬ ಇಲ್ಲಿರತ್ತೆ. ಸಾರಿಗೆ ಪುಡಿ ಹಾಕಿದ್ಮೇಲೆ ಜಾಸ್ತಿ ಕುದಿಸ್ಬಾರ್ದು."

"ನಂಗ್ಯಾಕೆ ಹೇಳ್ತಿದೀಯ?"

"ನಾಳೆ ನಾನಿಲ್ದಿದ್ರೆ ಬೇಕಾಗತ್ತಲ್ಲ."

ಮಾವ ಕೆಂಡವಾದರು. "ಮೂಢನಂಬಿಕೆ! ಅದೇನು ಯಮಲೋಕದಿಂದ ಬಂದ ಕಾಗೇನಾ? ಸೆವೆಂತ್ ಬ್ಲಾಕ್ ಕಾಗೆ ಕಣೇ ಅದು! ಅದನ್ನ ಹಿಡಿದು ನಿನ್ ಮುಂದೆ ನಿಲ್ಲಿಸ್ತೀನಿ, ನೋಡ್ತಿರು."

ಅಂದೇ ನನಗೆ ಫೋನ್ ಬಂತು. ನಾನು ಜೆಪಿ ನಗರದಲ್ಲಿದ್ದೇನೆ, ಮಾವನ ಎಲ್ಲ ಸಾಹಸಗಳಿಗೂ ನಾನೇ ಹತ್ತಿರದ ಸಾಕ್ಷಿ. ಹೋದರೆ ಮಾವ ಮೊಬೈಲಿನಲ್ಲಿ ವಿಡಿಯೊ ತೋರಿಸಿದರು. ಅಮೆರಿಕದ ಯಾವನೋ ಮುಖಕ್ಕೆ ಹಸಿರು ಬಳಿದುಕೊಂಡು ಪೊದೆಯಲ್ಲಿ ಕೂತಿದ್ದಾನೆ. ಪೀಪಿಯೊಂದನ್ನು ಊದಿ ಕಾಗೆಯಂತೆ ಕೂಗುತ್ತಾನೆ. ಸುತ್ತ ಪ್ಲಾಸ್ಟಿಕ್ ಕಾಗೆಗಳನ್ನು ನಿಲ್ಲಿಸಿದ್ದಾನೆ. ತಮ್ಮವರು ಕರೆಯುತ್ತಿದ್ದಾರೆಂದು ನಂಬಿ ನಿಜವಾದ ಕಾಗೆಗಳು ಬರುತ್ತವೆ. ಢಂ!

"ಮಾವ, ನಿಮ್ಮತ್ರ ಗನ್ ಎಲ್ಲಿದೆ?"

"ಗನ್ ಯಾಕೋ? ಕಾಗೆ ಶನಿಮಹಾತ್ಮನ ವಾಹನ. ಕೊಂದು ಆಮೇಲೆ ವಾರವಾರ ಎಳ್ಳುಬತ್ತಿ ಯಾರು ಹಚ್ತಾರೆ?"

ಮೂಢನಂಬಿಕೆಯ ಮೇಲೆ ಅವರು ಭಾಷಣ ಮುಗಿಸಿ ಇನ್ನೂ ಕಾಫಿ ಆರಿರಲಿಲ್ಲ! ಅವರ ಆಯುಧ ಗುಲಾಬಿಗೆ ಔಷಧಿ ಹೊಡೆಯುವ ಪಂಪು, ಗುಂಡು ಅರಿಶಿನದ ನೀರು. "ಎಲ್ಲಾ ಕಾಗೇನೂ ಕರೆಸೋದು. ತಪ್ಪಿತಸ್ಥ ಕಾಗೆನ ಗುರುತು ಹಿಡಿಯೋದು. ಪಿಚಕ್ ಅಂತ ಹೊಡೆಯೋದು. ಹಳದಿ ಕಾಗೆ ಆಗೋದ್ರೆ ಅದಕ್ಕೆ ಬಳಗದಲ್ಲಿ ಅವಮಾನ. ಮತ್ತೆ ಈ ಕಡೆ ತಲೆ ಹಾಕಲ್ಲ."

"ತಪ್ಪಿತಸ್ಥ ಕಾಗೆ ಯಾವುದು ಅಂತ ಹೇಗೆ ಗೊತ್ತಾಗತ್ತೆ?"

"ಮುಖ ನೋಡಿದ್ರೆ ಗೊತ್ತಾಗಲ್ವೇನೋ?"

ಪೀಪಿ ಬಂತು. ಮಾವ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ಕೂತರು. ಎದುರುಮನೆ ಮೇಡಂ ಕಿಟಕಿಯಿಂದ ಕಳವಳದಲ್ಲಿ ಕೇಳಿದರು, "ಆಂಟಿ, ಅಂಕಲ್‌ಗೆ ಕೆಮ್ಮು ಜಾಸ್ತಿ ಆಗಿದ್ಯಾ? ಹಿಪ್ಪಲಿ ಕಷಾಯ ಮಾಡಿ ಕೊಡಿ." ಅತ್ತೆ ಮಾಡಿ ಕೊಟ್ಟರು. ಮಾವ ಕುಡಿಯಬೇಕಾಯಿತು.

ಆಮೇಲೆ ದೊಡ್ಡ ಪೆಟ್ಟಿಗೆಯೊಂದು ಬಂತು. ಒಳಗೆ ಎರಡು ಕಪ್ಪು ಕಾಗೆಗಳು. ಅವುಗಳ ಕೆಳಗೆ, ಕಣ್ಣು ಬಿಟ್ಟುಕೊಂಡು, ಒಂದು ಗೂಬೆ!

"ಗೂಬೆ ಕಂಡ್ರೆ ಕಾಗೆಗಳಿಗೆ ಆಗಲ್ಲ. ಎಲ್ಲಾ ಒಟ್ಟಿಗೆ ಜಗಳಕ್ಕೆ ಬರ್ತವೆ. ಇದು ಸೈನ್ಸ್," ಎಂದರು ಮಾವ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. "ಕಾಗೆ ತಲೆ ಮುಟ್ಟಿದ್ದು ಸಾಲ್ದು ಅಂತ ಮನೆ ಮೇಲೆ ಗೂಬೇನೂ ಕೂರಿಸ್ತೀರಾ? ನನ್ನನ್ನ ಬೇಗ ಕಳಿಸೋ ಯೋಚನೇನಾ ನಿಮ್ದು?"

ಭಾನುವಾರ ಬೆಳಿಗ್ಗೆ ಶಿಕಾರಿ. ಮಾವ ಹಸಿರು ಬೆಡ್‌ಶೀಟ್ ಹೊದ್ದು, ಟೆನಿಸ್ ಟೋಪಿಗೆ ಕರಿಬೇವಿನ ಕಡ್ಡಿಗಳನ್ನು ಸಿಕ್ಕಿಸಿಕೊಂಡು ಕುಂಡಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತರು. ಒಗ್ಗರಣೆಗೆಂದು ಬೆಳೆಸಿದ ಗಿಡವೊಂದು ಕನ್ನಡಕ ಹಾಕಿಕೊಂಡು ಕೂತಂತಿತ್ತು! ಎದುರಿನ ಗೋಡೆಯ ಮೇಲೆ ಗೂಬೆ, ಅದರ ಅಕ್ಕಪಕ್ಕ ಕಾಗೆಗಳು. ನನಗೆ ನೀರಿನ ಟ್ಯಾಂಕಿನ ಹಿಂದೆ ಕೂರಲು ಆಜ್ಞೆಯಾಯಿತು.

ಮಾವ ಪೀಪಿ ಊದಿದರು. ಕರೆಂಟ್ ತಂತಿಯ ಮೇಲಿದ್ದ ಕಾಗೆ ಕತ್ತು ಓರೆ ಮಾಡಿ ನೋಡಿತು. ಮತ್ತೆ ಊದಿದರು. ಅದು ಕತ್ತನ್ನು ಇನ್ನೊಂದು ಕಡೆಗೆ ಓರೆ ಮಾಡಿತು.

"ಮಾವ, ಅದು ಅಮೆರಿಕದ ಇಂಗ್ಲಿಷು. ಇಲ್ಲಿಯವಕ್ಕೆ ಅರ್ಥ ಆಗ್ತಿಲ್ಲ," ಎಂದೆ.

ಮಾವ ಪೀಪಿ ಎಸೆದರು. ತಿಥಿಯ ದಿನ ಎಡೆ ಇಟ್ಟು ಕರೆಯುವ ನಮ್ಮ ಅಪ್ಪಟ ಕನ್ನಡದಲ್ಲಿ, ಹೊಟ್ಟೆಯಾಳದಿಂದ ಕೂಗಿದರು: "ಕಾ! ಕಾ! ಕಾ!"

ಆ ಕಾಗೆ ಹಾರಿ ಬಂತು, ಗೂಬೆಯನ್ನು ನೋಡಿತು, ಬಾಯಿ ಬಿಟ್ಟು ಅರಚಿತು. ಅಷ್ಟೇ. ಆಕಾಶ ಕಪ್ಪಾಯಿತು! ಬನಶಂಕರಿಯ ಕಾಗೆಗಳು ಬಂದವು, ಸಿದ್ದಾಪುರದವು ಬಂದವು. ಬಿಟಿಎಂ ಲೇಔಟಿನವೂ ಬಂದವು, ಅವಕ್ಕೇನು ಸಿಗ್ನಲ್ಲೇ, ಟ್ರಾಫಿಕ್ಕೇ? ಗೂಬೆಯನ್ನು ಕುಕ್ಕಿ ಬೇಸರವಾದ ಕೆಲವು, ಕರಿಬೇವಿನ ಪೊದೆಯೊಳಗೆ ಹೊಳೆಯುತ್ತಿದ್ದ ಕನ್ನಡಕವನ್ನು ಕಂಡವು. ಮಾವ ಪಂಪನ್ನು ಎತ್ತಿ ಒತ್ತಿದರು. ಮೂತಿ ಅವರ ಕಡೆಗಿತ್ತು. ಅರಿಶಿನದಲ್ಲಿ ಮಿಂದ ಮಾವ ಬೆಡ್‌ಶೀಟಿಗೆ ಕಾಲು ಸಿಕ್ಕಿಸಿಕೊಂಡು, ಗಾಳಿಗೆ ಕೆಳಗೆ ಬಿದ್ದಿದ್ದ ಪ್ಲಾಸ್ಟಿಕ್ ಕಾಗೆಗಳ ಮೇಲೆ ಫಟಫಟನೆ ಕುಣಿದು, "ಅಯ್ಯೋ! ಲೇ! ಬಾರೋ!" ಎಂದು ಕೂಗಿಕೊಂಡರು. ನಾನು ಟ್ಯಾಂಕಿನ ಹಿಂದೆಯೇ ಇದ್ದೆ. ಆಜ್ಞೆ ಹಾಗೇ ಇತ್ತಲ್ಲ!

ಆಗ ಮೆಟ್ಟಿಲ ಬಾಗಿಲು ದಢಾರನೆ ತೆರೆಯಿತು. ತಲೆಯ ಮೇಲೆ ಇಡ್ಲಿ ಪಾತ್ರೆಯ ಮುಚ್ಚಳ, ಕೈಯಲ್ಲಿ ತೆಂಗಿನ ಪೊರಕೆ ಹಿಡಿದು ಅತ್ತೆ ನುಗ್ಗಿದರು. ತಾರಸಿಯ ಹೆಸರೆತ್ತಿದರೆ ನಡುಗುತ್ತಿದ್ದ ಅತ್ತೆ! "ನಮ್ಮನೆಯವ್ರನ್ನ ಮುಟ್ಟಿದ್ರೆ ನೋಡಿ!" ಎಂದು ಪೊರಕೆ ಬೀಸಿದರು. ಮೊದಲ ಏಟಿಗೆ ಗೂಬೆ ಗೋಡೆಯಾಚೆಗೆ ಉರುಳಿತು. ಕಾಗೆಗಳೆಲ್ಲ ಅದನ್ನು ಹಿಂಬಾಲಿಸಿ ಇಳಿದವು.

ಒಂದು ಮಾತ್ರ ಹೋಗಲಿಲ್ಲ. ಅದು ಅತ್ತೆಯ ಹತ್ತಿರ ಹತ್ತಿರವೇ ಹಾರಾಡುತ್ತಿತ್ತು. ಅತ್ತೆ ಅದು ಕೂರುವ ಕಡೆ ಕಣ್ಣು ಹಾಯಿಸಿದರು. ತಾರಸಿಗೆ ಬಾಗಿದ್ದ ಹೊಂಗೆಮರದ ಕೊಂಬೆಯಲ್ಲಿ ಕಡ್ಡಿ, ತಂತಿ, ಮುರಿದ ಹ್ಯಾಂಗರಿನ ಗೂಡು. ಒಳಗೆ ಕೆಂಪು ಬಾಯಿಗಳು ಆಕಾಶಕ್ಕೆ ತೆರೆದುಕೊಂಡಿದ್ದವು.

ಅತ್ತೆಯ ಕೈಯಿಂದ ಪೊರಕೆ ಜಾರಿತು. "ಅಯ್ಯೋ! ಬಾಣಂತಿ ಕಣ್ರೀ ಇದು! ಮರಿ ಹತ್ರ ಹೋದೆ ಅಂತ ಹೊಡೆದಿದೆ ಪಾಪ! ಬಾಣಂತನದಲ್ಲಿ ಕೋಪ ಇರತ್ತೆ, ನಂಗಿರ್ಲಿಲ್ವಾ?"

"ಇನ್ನೂ ಹೋಗಿಲ್ಲ," ಎಂದರು ಬೆಡ್‌ಶೀಟಿನೊಳಗಿಂದ ಮಾವ.

ಅಂದಿನಿಂದ ಬಾಣಂತಿಗೆಂದು ಗೋಡೆಯ ಮೇಲೆ ದಿನವೂ ತುಪ್ಪದ ಅನ್ನ. ಕೊಲೆಸ್ಟರಾಲಿನ ಮಾವನಿಗೆ ಬರೀ ತಿಳಿಸಾರು. ಅತ್ತೆ ತಾರಸಿಯ ತವರಿಗೆ ಮರಳಿದರು, ಆಟೋದವರಿಗೆ ಮತ್ತೆ ಗುಟ್ಟುಗಳು ಸಿಗತೊಡಗಿದವು. ಆದರೆ ಕಾಗೆಗಳು ಮಾವನ ಮುಖವನ್ನು ಮರೆಯಲಿಲ್ಲ. ಗೇಟು ದಾಟಿದರೆ ಸಾಕು, ನೆತ್ತಿಗೆ ಕುಟುಕು! ಮಾವ ಹಾಲು ತರುವುದಕ್ಕೂ ಹೆಲ್ಮೆಟ್ ಹಾಕಿಕೊಂಡು ನಡೆದು ಹೋಗತೊಡಗಿದರು.

"ಸಾರ್, ಗಾಡಿ ಎಲ್ಲಿ ನಿಲ್ಲಿಸಿದ್ರಿ?" ಎಂದು ಅಂಗಡಿಯವನು ಕೇಳಿದ.

"ಗಾಡಿ ಇಲ್ಲ."

"ಮತ್ತೆ ಹೆಲ್ಮೆಟ್ಟು?"

"ಅದು ಪರ್ಸನಲ್."

ಮೊನ್ನೆ ಸಂಜೆ ಮಾವ, ನಾನು ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದೆವು. ನಾನು ಕೆಣಕಿದೆ. "ಇಷ್ಟೆಲ್ಲಾ ಬೇಕಿತ್ತಾ ಮಾವ? ಕಾಗೆ ಮುಟ್ಟಿದ್ದಕ್ಕೆ ಹಳಬ್ರು ಪರಿಹಾರ ಇಟ್ಟಿದಾರಲ್ಲ. ಮುಟ್ಟಿಸ್ಕೊಂಡವರು ಹೋಗ್ಬಿಟ್ರು ಅಂತ ನೆಂಟರಿಗೊಂದು ಸುಳ್ಳು ಸುದ್ದಿ ಕಳಿಸೋದು. ಅವರು ಒಂದು ಹನಿ ಕಣ್ಣೀರು ಹಾಕಿದ್ರೆ ದೋಷ ಹೋಯ್ತು. ಅತ್ತೆಗೂ ಸಮಾಧಾನ ಆಗ್ತಿತ್ತು. ಒಂದು ವಾಟ್ಸಾಪ್ ಸಾಕಿತ್ತು."

ಮಾವ ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ಅವಳ ಅಕ್ಕ ಮೊದಲ್ನೇ ದಿನಾನೇ ಫೋನ್ ಮಾಡಿ ಇದನ್ನೇ ಹೇಳಿದ್ಳು ಕಣೋ. ನಿಂಗೇ ಕಳಿಸೋಣ, ನೀನಾದ್ರೆ ತಪ್ಪು ತಿಳ್ಕೊಳ್ಳಲ್ಲ ಅಂತ ಕೂತೆ. 'ನಿಮ್ಮತ್ತೆ' ಅಂತ ಟೈಪ್ ಮಾಡ್ದೆ."

"ಆಮೇಲೆ?"

ಮೇಲೆ ತಾರಸಿಯಲ್ಲಿ ಅತ್ತೆ ಎದುರುಮನೆಯವರ ಮಾತಿಗೆ ಗೊಳ್ಳೆಂದು ನಗುತ್ತಿದ್ದರು. ಆ ನಗು ಮುಗಿಯುವವರೆಗೂ ಮಾವ ಕಾದರು.

"ಮುಂದಿನ ಪದಕ್ಕೆ ಕೈ ಬರ್ಲಿಲ್ಲ. ಸುಳ್ಳಿಗೂ ಬರ್ಲಿಲ್ಲ. ಅದಕ್ಕಿಂತ ಕಾಗೆ ಹಿಡಿಯೋದೇ ಸುಲಭ ಅನ್ನಿಸ್ತು."