ಮಾವನ ಮಗಳ ಸಣ್ಣ ವಿಮಾನ

ವಿಮಾನದ ಕಾನೂನು ನಮ್ಮ ಬಸವಾಪಟ್ಟಣದ ಸೋದರಮಾವನಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿಲ್ಲ. ವಿಮಾನ ಹತ್ತಿದ್ದಾರಾ ಅಂತ ಮಾತ್ರ ಕೇಳಬೇಡಿ! ಸವಳಂಗದ ಬಸ್ಸು ಹತ್ತುವಾಗಲೇ ಅವರು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾರೆ.

ಇದಕ್ಕೆಲ್ಲ ಕಾರಣ ಅವರ ಮಗಳು. ಸಣ್ಣ ವಿಮಾನಗಳ ಕಂಪನಿಯೊಂದರಲ್ಲಿ ಕ್ಯಾಪ್ಟನ್. ಆ ಕಂಪನಿಯನ್ನು ದೊಡ್ಡ ಕಂಪನಿಯೊಂದರ ಜೊತೆ ಸೇರಿಸಿದ ಸುದ್ದಿ ಕೇಳಿ ಮಾವ ಬೆಚ್ಚಿಬಿದ್ದವರು ಇನ್ನೂ ಸುಧಾರಿಸಿಕೊಂಡಿಲ್ಲ. ಮಂಡಕ್ಕಿ ಅಂಗಡಿಯಲ್ಲಿ ಯಾರು ಸಿಕ್ಕರೂ ಹಿಡಿದು ಕೂರಿಸುತ್ತಾರೆ.

"ಎರಡು ಮಿರ್ಚಿ ಅಂಗಡಿ ಒಂದಾದ್ವು ಅಂತ ತಿಳ್ಕಳ್ರಿ. ದೊಡ್ಡ ಬಾಣಲೆಯೋರು, ಅಂದ್ರೆ ದೊಡ್ಡ ವಿಮಾನ ಹಾರ್ಸೋರು, ಮಾಲೀಕನ ಹತ್ರ ಮೊದ್ಲೇ ಕರಾರು ಮಾಡಿಸ್ಕಂಡಾರೆ, ಸಣ್ಣ ಬಾಣಲೆ ಇಷ್ಟೇ ಇರ್ಬೇಕು ಅಂತ! ಇಲ್ಲಾಂದ್ರೆ ಮಾಲೀಕ ಕಡಿಮೆ ಸಂಬಳ ಕೊಟ್ಟು ಸಣ್ಣದ್ರಾಗೇ ಎಲ್ಲಾ ಕರಿಸ್ತಾನಂತೆ. ನನ್ನ ಮಗಳು ಎಲ್ಲಿಗೆ ಹೋಗ್ಬೇಕ್ರೀ?"

"ಅಯ್ಯೋ, ಹಂಗಾದ್ರೆ ಮಿರ್ಚಿ ಸಿಗಲ್ವಾ?" ಎಂದು ಕೇಳಿದವರೂ ಗಾಬರಿ!

ನಲ್ಲೂರಿನ ಒಂದು ನಿಶ್ಚಿತಾರ್ಥದಲ್ಲಂತೂ ಎಲೆ ಅಡಿಕೆ ಬದಲಾಯಿಸುವ ಹೊತ್ತಿಗೆ ಸರಿಯಾಗಿ ಎದ್ದು ನಿಂತರು. "ಎರಡು ಮನೆ ಒಂದಾಗಾಕೆ ಹೊಂಟಾವೆ, ಸರಿ. ಸಣ್ಣೋರ ಗತಿ ಹೆಂಗೆ? ಅದನ್ನ ಮೊದ್ಲು ಮಾತಾಡ್ರಿ!" ಹುಡುಗನ ತಾಯಿಯ ಮುಖ ಬಿಳಿಚಿತು. ಹುಡುಗಿ ಮಾತ್ರ ಒಳಗಿನಿಂದ, "ಕೇಳ್ರಿ ಅಜ್ಜಾರೇ, ಬಿಡಬ್ಯಾಡ್ರಿ!" ಎಂದಳು.

ಕೊನೆಗೆ ಮಾವ ಹೆದರಿದ್ದೇ ಆಯಿತು. ಮಗಳು ಊರಿಗೆ ಬಂದು ಚಾಪೆಯ ಮೇಲೆ ಕೂತು ಹೇಳಿದಳು: "ಅಪ್ಪ, ಮುಂದಿನ ವಾರ ನಮ್ಮ ವಿಮಾನ ನಿಲ್ಲಿಸ್ತಾರೆ. ದೊಡ್ಡದ್ರಾಗೆ ಕೆಲಸ ಐತೆ, ಆದ್ರೆ ಬ್ಯಾರೆ ಕ್ಯಾಪ್ಟನ್ ಪಕ್ಕ ಕೂರ್ಬೇಕು. ನಾನು ಮತ್ತೆ ಕ್ಯಾಪ್ಟನ್ ಆಗಾಕೆ ಎಷ್ಟು ವರ್ಷನೋ."

ಈಗ ಮನೆಯ ಸೂರು ಹಾರಿಹೋಗುತ್ತದೆ ಎಂದುಕೊಂಡೆವು ನಾವೆಲ್ಲ. ಮಾವ ಕೂಗಲಿಲ್ಲ. "ಕೊನೇ ಸಲ ಯಾವತ್ತು ಹಾರಿಸ್ತೀಯ? ನಂಗೊಂದು ಸೀಟು ಹಿಡಿ" ಎಂದರು. ಬಸ್ಸಿಗೇ ಕಣ್ಣು ಮುಚ್ಚುವ ಮಾವ!

ಜೊತೆಗೆ ನಾನೇ ಹೋದೆ. ಬೆಲ್ಟು ಹಾಕಿದ್ದೇ ತಡ, ಮಾವ ನನ್ನ ಮುಂಗೈ ಹಿಂಡಿ ಹಿಪ್ಪೆ ಮಾಡಿದರು. ಆಗ ತಲೆಯ ಮೇಲಿಂದ ಮಗಳ ದನಿ ಬಂತು: "ನಮಸ್ಕಾರ. ನಾನು ನಿಮ್ಮ ಕ್ಯಾಪ್ಟನ್ ಮಾತಾಡ್ತಾ ಇದ್ದೀನಿ..."

ಮಾವ ನನ್ನ ಕೈ ಬಿಟ್ಟರು. ಕಣ್ಣಲ್ಲಿ ನೀರು ಧಾರಾಕಾರ, ನನಗೂ ತಡೆಯಲಾಗಲಿಲ್ಲ. ಎರಡೂ ಕೈ ಜೋಡಿಸಿ, ಇಡೀ ವಿಮಾನಕ್ಕೆ ಕೇಳುವಂತೆ ಅಂದರು:

"ನಮಸ್ಕಾರ ಕ್ಯಾಪ್ಟನ್ರೇ. ಹೇಳ್ರಿ, ಕೇಳ್ತಾ ಇದೀನಿ."