ಹಡಗಿನ ಮಾಲು ಮುಟ್ಟದ ಮಾವ

ಹಿರೇಕೆರೂರು ಸೀಮೆಯಲ್ಲಿ ಪೋರ್ಚುಗೀಸರ ಮೇಲೆ ಇನ್ನೂ ಯುದ್ಧ ನಡೆಸುತ್ತಿರುವವರು ಒಬ್ಬರೇ ಇದ್ದಾರೆ. ಅವರು ನಮ್ಮ ಅಕ್ಕನ ಗಂಡ, ನಮ್ಮ ಮಾವ! ಸಮುದ್ರವನ್ನು ಕಂಡವರಲ್ಲ. ಕೆರೆಗೆ ಇಳಿಯಲೂ ಹೆದರುತ್ತಾರೆ. ಆದರೆ ಈ ಯುದ್ಧಕ್ಕೆ ಕಿಡಿ ಹಚ್ಚಿದ ಪಾಪ ನನ್ನದು.

ಹೋದ ವರ್ಷ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಯಿತು. ಇನ್ನು ಮೆಣಸಿನಕಾಯಿ ಮುಟ್ಟಬಾರದೆಂದು ಡಾಕ್ಟರು ಕಡ್ಡಾಯ ಮಾಡಿದರು. ಖಾರ ಅರೆಯುವುದರಲ್ಲಿ ಊರಿಗೇ ಹೆಸರಾದ ಅಕ್ಕ, ಒಬ್ಬಳೇ ಗೋಡೆಗೆ ಮುಖ ಮಾಡಿ ಸಪ್ಪನೆಯ ಅನ್ನ ನುಂಗತೊಡಗಿದಳು. ಅವಳನ್ನು ಸಮಾಧಾನ ಮಾಡಲು ನನ್ನ ಮ್ಯಾಟ್ರಿಕ್ ಜ್ಞಾನವನ್ನೆಲ್ಲ ಹೊರಗೆ ತೆಗೆದೆ.

"ಅಕ್ಕಾ, ಮೆಣಸಿನಕಾಯಿ ನಮ್ಮದ ಅಲ್ಲ. ಯುರೋಪಿನವರು ಹೊಸಾ ದೇಶ ಹುಡುಕಾಕ ಹಡಗ ಹತ್ತಿ ಹೋದ್ರಲ್ಲ, ಅವರಿಗೆ ಅಲ್ಲಿ ಸಿಕ್ಕದ್ದು. ಪೋರ್ಚುಗೀಸರು ತರೂಕಿಂತ ಮೊದ್ಲ ನಮ್ಮ ಮಂದಿಗೆ ಇದರ ವಾಸನೀನೂ ಗೊತ್ತಿರಲಿಲ್ಲ!"

ಪಕ್ಕದಲ್ಲಿ ಉಣ್ಣುತ್ತಿದ್ದ ಮಾವನ ಕೈಯಿಂದ ರೊಟ್ಟಿ ಜಾರಿತು.

"ಏನಂದಿ? ನಮ್ಮನ್ನ ಒಂದ ಮಾತು ಕೇಳದ ನಮ್ಮ ಹೊಟ್ಟ್ಯಾಗ ಬಂದು ಇಳದಾರ? ಇನ್ನ ಹಡಗಿನ ಮಾಲು ನಾ ಮುಟ್ಟಂಗಿಲ್ಲ!"

ನಾನು ದಂಗಾಗಿಬಿಟ್ಟೆ! ಬ್ಯಾಡಗಿಯ ಮಗ್ಗುಲಲ್ಲಿ ಹುಟ್ಟಿ ಮೆಣಸಿನಕಾಯಿ ಬಿಡುವುದೆಂದರೇನು? ರೊಟ್ಟಿಗೆ ಖಾರ ಹಚ್ಚಿಕೊಳ್ಳುವ ಬದಲು ಖಾರಕ್ಕೆ ರೊಟ್ಟಿ ಹಚ್ಚಿಕೊಳ್ಳುತ್ತಿದ್ದ ಮನುಷ್ಯ!

"ಹಂಗಾರ ಆಲೂಗಡ್ಡಿ, ಶೇಂಗಾ, ಪೇರಲಹಣ್ಣು ಎಲ್ಲಾ ಹಂಗ ಬಂದಾವ್ರಿ ಮಾವಾ."

"ಅವಕ್ಕ ಮಾಫಿ ಐತಿ."

"ನೀವು ಅಂಗಡ್ಯಾಗ ಮಾರೂ ಗೋವಿನಜ್ವಾಳ?"

"ಅವ್ರ ಮಾಲು ಮಾರೇ ಅವ್ರ ಮ್ಯಾಲೆ ಸೇಡು ತೀರಸ್ಕೊಳ್ಳಾಕತ್ತೇನಿ!"

ಇಂಥ ತರ್ಕದ ಮುಂದೆ ನನ್ನ ಮ್ಯಾಟ್ರಿಕ್ ಯಾವ ಲೆಕ್ಕ?

ಶಿಗ್ಗಾಂವಿಯ ಒಂದು ಮದುವೆಯಲ್ಲಂತೂ ನನ್ನ ಮಾನವೇ ಹೋಯಿತು. ಬದನೆಕಾಯಿ ಬಡಿಸಲು ಬಂದ ಬೀಗರನ್ನು ಮಾವ ತಡೆದು, "ಇದರಾಗ ಹಡಗಿನ ಮಾಲು ಐತೇನ್ರಿ?" ಎಂದುಬಿಟ್ಟರು. ಬೀಗರು ಬೆವತುಹೋದರು.

"ಇಲ್ರೀ ಯಜಮಾನ್ರ! ಎಲ್ಲಾ ಸಂತ್ಯಾಗಿಂದು. ಮುಂಜಾನೆ ಟಂಟಂ ಗಾಡ್ಯಾಗ ಬಂದೈತಿ!"

ಪಂಕ್ತಿಯೆಲ್ಲ ಗೊಳ್ಳೆಂದಿತು. ಮಾವನ ಪಕ್ಕದಲ್ಲೇ ಸಪ್ಪನೆಯ ಸಾರು ಉಣ್ಣುತ್ತಿದ್ದ ಅಕ್ಕ ಕೂಡ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಮಾತ್ರ ಅಂದೇ ನಿಶ್ಚಯಿಸಿದೆ: ಈ ಹುಚ್ಚು ಬಿಡಿಸಲೇಬೇಕು.

ಸೀಗೆ ಹುಣ್ಣಿಮೆಗೆ ಹತ್ತಿಮತ್ತೂರಿನ ನಮ್ಮ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದೆವು. ಭೂತಾಯಿಗೆ ಚರಗವೆಂದು ಬುತ್ತಿಯ ಎಡೆ ಚೆಲ್ಲುವಾಗಲೂ ಮಾವನದು ಒಂದೇ ಗಲಾಟೆ: "ಖಾರದ ಪಲ್ಯೆ ಚೆಲ್ಲಬ್ಯಾಡ್ರಿ! ಆಕಿಗೂ ಹಡಗಿನ ಮಾಲು ಬ್ಯಾಡ!" ಎಲ್ಲರೂ ಎಡೆ ಚೆಲ್ಲುತ್ತ ಬದುವಿನ ಆಚೆ ಹೋದಾಗ, ನಾನು ಮಾವನ ಸಪ್ಪನೆಯ ಮೆಂತ್ಯದ ಪಲ್ಯದ ಡಬ್ಬಿ ಬಿಚ್ಚಿ ಧಾರಾಳವಾಗಿ ಹಸಿಮೆಣಸಿನಕಾಯಿಯ ಖಾರ ಕಲಸಿದೆ.

ಮಾವ ಮೊದಲ ತುತ್ತು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು. ಅಕ್ಕ ಡಬ್ಬಿಗೆ ಕೈ ಚಾಚುತ್ತಿದ್ದಳು. ಮಾವ ಡಬ್ಬಿಯನ್ನು ಗಬಕ್ಕನೆ ಎಳೆದುಕೊಂಡು ಗಬಗಬನೆ ತಿನ್ನತೊಡಗಿದರು!

"ಅಯ್ಯ, ನನಗಿಷ್ಟು ಉಳಸ್ರಿ."

"ನೀ ಮಸರನ್ನ ತಗೋ. ಇವತ್ತ ಪಲ್ಯೆ ಭಾಳ ಛಲೋ ಆಗೇತಿ. ಯಾರಿಗೂ ಕೊಡಂಗಿಲ್ಲ!"

ಮೂಗು, ಕಣ್ಣು ಎರಡೂ ಸುರಿಯುತ್ತಿದ್ದವು. ಡಬ್ಬಿಯನ್ನು ಬೆರಳಿನಿಂದ ಬಳಿದು ಮುಗಿಸಿ, ಬೋರ್‌ವೆಲ್ಲಿನತ್ತ ಓಡಿದರು. ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ನಾನೂ ಹಿಂದೆಯೇ ಹೋದೆ.

"ವ್ರತ ಮುರೀತಲ್ರಿ ಮಾವಾ! ನಾನ ಕಲಸಿದ್ದು!"

ಅವರು ಬಾಯಿ ಮುಕ್ಕಳಿಸಿ ಉಗಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ತಮ್ಮಾ, ಅದು ನಿಮ್ಮಕ್ಕನ ಡಬ್ಬಿಯೋ. ನಾ ಅದರಾಗ ಪಾಲು ಉಣ್ತೇನಿ, ಅಷ್ಟ."

ನಾನು ತಿರುಗಿ ಅಕ್ಕ ಕೂತಿದ್ದ ಕಡೆ ನೋಡಿದೆ.

"ಆಕಿ ಒಬ್ಬಾಕೀನ ಸಪ್ಪಂದು ಉಂಡ್ರ ಆಕಿ ರೋಗಿ. ಇಬ್ರೂ ಉಂಡ್ರ ನಾ ಹುಚ್ಚ. ಹುಚ್ಚ ಆಗೂದ ಛಲೋ ಅನಸ್ತು. ಹೆಂಗೂ ನೀ ಅವತ್ತ ಹಡಗಿನ ಸುದ್ದಿ ಹೇಳಿದ್ದಿ, ಉಪಯೋಗ ಆತು."

ಅಷ್ಟರಲ್ಲಿ ಬದುವಿನ ಮೇಲಿನಿಂದ ಅಕ್ಕ ಕೂಗಿದಳು. "ಏನ್ರಿ ಅದು ಪಿಸುಪಿಸು?"

"ಹಡಗಿನ ಸುದ್ದಿ!" ಎಂದು ಮಾವ ಕಣ್ಣೊರೆಸಿಕೊಂಡರು.

"ಆ ಹಡಗು ಮುಳಗಲಿ ಅತ್ಲಾಗ! ಮೊದ್ಲ ಬಂದು ಇದನ್ನ ಕುಡೀರಿ."

ಅವಳ ಕೈಯಲ್ಲಿ ತುಂಬಿದ ಮಜ್ಜಿಗೆಯ ತಂಬಿಗೆ ಆಗಲೇ ತಯಾರಿತ್ತು.